ಎಗ್ಮೋರಿನ ದಾಖಲೆಗಳು ಮತ್ತು ಅಡಿಟಿಪ್ಪಣಿಯ ಕ್ರಮ

ಕನ್ನಡನಾಡಿನ ಚರಿತ್ರೆಗೆ ಸಂಬಂಧಿಸಿದ ಗಣನೀಯ ಸಾಮಗ್ರಿ ಚೆನ್ನೈಯ ಎಗ್ಮೋರಿನಲ್ಲಿದೆ. ಅಲ್ಲಿನ ತಮಿಳುನಾಡು ಪತ್ರಾಗಾರದಲ್ಲಿ ಮದ್ರಾಸು ಆಧಿಪತ್ಯದ ಆಡಳಿತಪತ್ರಗಳು ಸಂರಕ್ಷಿತವಾಗಿವೆ. ಬಳ್ಳಾರಿಯು 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳು 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಈ ಪ್ರದೇಶಗಳನ್ನು ಕುರಿತು ಸಂಶೋಧನೆ ನಡೆಸುವವರು ಎಗ್ಮೋರಿಗೆ ಹೋಗಲೇಬೇಕಾಗುತ್ತದೆ. ಆದರೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಇಂತಹ ಆಕರವು ‘ಮದ್ರಾಸು ದಾಖಲೆ’ ಎಂಬ ಎರಡೇ ಮಾತುಗಳಲ್ಲಿ ಮುಗಿದುಹೋಗುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ.

ಒಬ್ಬ ಸಂಶೋಧಕನು ಕಂಡ ಕಾಗದವನ್ನು ಮತ್ತೊಬ್ಬನು ತಾನಾಗಿಯೇ ತಲುಪಿ ಪರೀಕ್ಷಿಸುವಂತೆ ಮಾಡುವುದೇ ಅಡಿಟಿಪ್ಪಣಿಯ ಪ್ರಯೋಜನ. ಸರ್ಕಾರಿ ಆದೇಶಗಳಿಗೆ ಪ್ರತಿಯೊಂದು ಇಲಾಖೆಯೂ ವರ್ಷವರ್ಷವೂ ಹೊಸದಾಗಿ ಸಂಖ್ಯೆ ಕೊಡುತ್ತಿದ್ದುದರಿಂದ ಬರಿಯ ಸಂಖ್ಯೆಯಿಂದ ಕಡತವು ದೊರೆಯದು. ಆದ್ದರಿಂದ ಪತ್ರಾಗಾರದ ಹೆಸರು ಮತ್ತು ಸ್ಥಳ, ಇಲಾಖೆ ಅಥವಾ ದಾಖಲೆಯ ಶ್ರೇಣಿ, ಆದೇಶದ ಸಂಖ್ಯೆ, ದಿನಾಂಕ, ಪುಟ ಇವಿಷ್ಟನ್ನೂ ಇದೇ ಅನುಕ್ರಮದಲ್ಲಿ ನಮೂದಿಸತಕ್ಕದ್ದು. ಜಿಲ್ಲಾ ದಾಖಲೆಗಳಾದರೆ ಸಂಪುಟದ ಸಂಖ್ಯೆಯೂ ಅವಶ್ಯಕ.

ಹೆಸರುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇಂದಿನ ತಮಿಳುನಾಡು ಪತ್ರಾಗಾರಕ್ಕೆ 1973ರವರೆಗೆ ‘ಮದ್ರಾಸ್ ರೆಕಾರ್ಡ್ ಆಫೀಸ್’ ಎಂಬ ಹೆಸರಿತ್ತು. ಹಳೆಯ ಗ್ರಂಥಗಳಲ್ಲಿ ಕಾಣುವ ಆ ಹೆಸರು ಬೇರೊಂದು ಸಂಸ್ಥೆಯದೆಂದು ಭಾವಿಸಬಾರದು. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅದಕ್ಕೆ ಹಿಂದಿನ ಹೊನ್ನಾವರ, ಕಾರವಾರಗಳ ವಿಷಯವನ್ನು ಮದ್ರಾಸಿನ ‘ಕೆನರಾ’ ದಾಖಲೆಗಳಲ್ಲಿಯೂ ಅರಸಬೇಕು. ಇಂತಹ ಕಡೆ ದಾಖಲೆಯಲ್ಲಿರುವ ಹೆಸರನ್ನೇ ಉಳಿಸಿಕೊಂಡು, ಇಂದಿನ ಹೆಸರನ್ನು ಕಂಸದಲ್ಲಿ ಸೂಚಿಸುವುದು ಯುಕ್ತ.

ಕಾಲಸೂಚನೆಗೂ ಇದೇ ನಿಯಮ ಅನ್ವಯಿಸುತ್ತದೆ. ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷ ಬಳಕೆಯಾಗಿದೆ. ಫಸಲಿ 1310 ಎಂದರೆ 1900ರ ಜುಲೈ 1ರಿಂದ 1901ರ ಜೂನ್ 30ರವರೆಗಿನ ಅವಧಿ. ಇದನ್ನು 1900 ಎಂದಷ್ಟೇ ಬರೆದರೆ ಅರ್ಧ ವರ್ಷದ ವ್ಯವಹಾರವು ಹಿಂದಿನ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಮೂಲದ ವರ್ಷವನ್ನು ಮೊದಲು ಕೊಟ್ಟು, ಕ್ರಿಸ್ತಶಕದ ಎರಡು ವರ್ಷಗಳನ್ನೂ ಅದರ ಮುಂದೆ ಬರೆಯಬೇಕು.

ಮುದ್ರಿತ ಕಾವ್ಯಗಳ ಉಲ್ಲೇಖದಲ್ಲಿಯೂ ಇಂಥದೇ ತೊಡಕಿದೆ. ಪಂಪನ ‘ವಿಕ್ರಮಾರ್ಜುನವಿಜಯ’ವನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ 1931ರಲ್ಲಿ ಹೊರಬಂದಿತು. ಆವೃತ್ತಿಯಿಂದ ಆವೃತ್ತಿಗೆ ಪುಟಗಳು ಬದಲಾಗುವುದರಿಂದ, ಕಾವ್ಯಗಳಿಗೆ ಆಶ್ವಾಸ ಮತ್ತು ಪದ್ಯಗಳ ಸಂಖ್ಯೆಯನ್ನು ಕೊಡತಕ್ಕದ್ದು. ಪಾಠಾಂತರಗಳಿರುವ ಕಾರಣ ಬಳಸಿದ ಆವೃತ್ತಿಯ ಹೆಸರೂ ಜೊತೆಗಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಆಕರವನ್ನು ಸ್ವತಃ ನೋಡಿದೆವೋ ಇಲ್ಲವೋ ಎಂಬ ಪ್ರಾಮಾಣಿಕತೆ. ಎಗ್ಮೋರಿನ ಕಡತವನ್ನು ಮತ್ತೊಬ್ಬರ ಗ್ರಂಥದಲ್ಲಿ ಮಾತ್ರ ಓದಿದ್ದರೆ, ಆ ಗ್ರಂಥವನ್ನೂ ಅದರ ಪುಟವನ್ನೂ ಹೆಸರಿಸಿ ‘ಇದರಲ್ಲಿ ಉದ್ಧೃತ’ ಎಂದು ಸ್ಪಷ್ಟಪಡಿಸಬೇಕು. ಹಾಗೆ ಮಾಡದಿದ್ದಲ್ಲಿ ಮೊದಲನೆಯವರ ಕೈತಪ್ಪು ಹತ್ತು ಪ್ರಬಂಧಗಳಲ್ಲಿ ಪುನರಾವರ್ತನೆಗೊಂಡು, ಹತ್ತು ಸಾಕ್ಷಿಗಳಿರುವ ಸತ್ಯದಂತೆ ತೋರತೊಡಗುತ್ತದೆ.

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು ಅದಕ್ಕೆ ಮೊದಲು ದಕ್ಷಿಣ ಕನ್ನಡದ ಭಾಗವಾಗಿತ್ತು. ಅಲ್ಲಿನ ಶಾಲೆ, ಭೂಹಿಡುವಳಿ, ಭಾಷೆಗಳನ್ನು ಕುರಿತ ಮಾತು ಇಂದಿಗೂ ವಾದಕ್ಕೆ ಎಡೆಗೊಡುತ್ತದೆ. ಅಂತಹ ವಾದದಲ್ಲಿ ಕನ್ನಡ ಬಲ್ಲವರೂ ಅರಿಯದವರೂ ಸಮಾನವಾಗಿ ಪರಿಶೀಲಿಸಬಹುದಾದ ಅಡಿಟಿಪ್ಪಣಿಗೆ ಮಾತ್ರ ಬೆಲೆಯುಂಟು. ದೂರದ ವಿಶ್ವವಿದ್ಯಾನಿಲಯದಿಂದ ಬಂದು ಕೆಲವೇ ದಿನ ಎಗ್ಮೋರಿನಲ್ಲಿ ಕುಳಿತು ಓದುವ ವಿದ್ಯಾರ್ಥಿಯು ಕಡತವನ್ನು ಹಿಂದಿರುಗಿಸುವ ಮುನ್ನವೇ ಈ ವಿವರಗಳನ್ನೆಲ್ಲ ಬರೆದಿಟ್ಟುಕೊಳ್ಳಲೆಂಬುದು ನಮ್ಮ ಆಶಯ.