ಎತ್ತಿದ್ದು ಮೇಲಕ್ಕೆ, ಸರಿದದ್ದು ಪಕ್ಕಕ್ಕೆ

ಫೋರ್ ವೀಲ್ ಡ್ರೈವ್ ಗಾಡಿಗೆ ಉದ್ದದ ಸ್ಪ್ರಿಂಗ್ ಹಾಕಿ ಎರಡಿಂಚು ಎತ್ತರಿಸಿದರೆ ಬಾಡಿ ಮೇಲೇರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಹೊತ್ತಿಗೆ ಕೆಳಗಿನ ಆಕ್ಸಲ್ ಕೆಲವು ಮಿಲಿಮೀಟರ್ ಪಕ್ಕಕ್ಕೆ ಜರುಗಿರುತ್ತದೆ. ಇದು ಬೇಗ ಕಾಣುವುದಿಲ್ಲ. ಒಂದು ಬದಿಯ ಟಯರು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತದೆ, ಇನ್ನೊಂದು ಬದಿಯದು ಒಳಗೆ ಸೇರಿಕೊಳ್ಳುತ್ತದೆ, ಸ್ಟೀರಿಂಗ್ ಒಂದೇ ಕಡೆ ಪೂರ್ತಿ ತಿರುಗಿಸಿದಾಗ ಮಾತ್ರ ಟಯರು ಎಲ್ಲೋ ಉಜ್ಜಿದ ಸದ್ದು ಕೇಳುತ್ತದೆ. ಆಕ್ಸಲನ್ನು ಮತ್ತೆ ಚಾಸಿಯ ನಟ್ಟನಡುವಿಗೆ ತರುವ ಕೆಲಸ ಕಷ್ಟದ್ದೇನಲ್ಲ. ಆದರೆ ಅದು ಏಕೆ ಸರಿಯಿತು ಎಂದು ತಿಳಿಯದೆ ಕೈ ಹಾಕಿದರೆ ಒಂದು ಕಡೆ ಸರಿಪಡಿಸಿ ಇನ್ನೊಂದು ಕಡೆ ಕೆಡಿಸಿದಂತಾಗುತ್ತದೆ.

ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಇಂಥ ಗಾಡಿಗಳಿಗೆ ಕೆಲಸವೂ ಇದೆ, ಶೋಕಿಯೂ ಇದೆ. ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಕಡೆಗೆ, ತಳಿಯಿಂದ ಜವಳಗಿರಿಯ ಕಡೆಗೆ ಡಾಂಬರು ಬಿಟ್ಟು ತೋಟದ ದಾರಿ ಹಿಡಿದರೆ ಬಂಡೆ ಎದ್ದ ಏರು, ಮಳೆನೀರು ಕೊರೆದ ಇಳಿಜಾರು ಸಾಮಾನ್ಯ. ಬೆಂಗಳೂರು ಹತ್ತಿರದಲ್ಲೇ ಇರುವುದರಿಂದ ವಾರದ ಕೊನೆಗೆ ಜಿಮ್ನಿ, ಥಾರ್‌ಗಳೂ ಇತ್ತ ಬರುತ್ತವೆ. ಮೇಲಗಿರಿ ಬೆಟ್ಟಸಾಲಿನ ಕಾಡು 2014ರಿಂದ ಕಾವೇರಿ ಉತ್ತರ ವನ್ಯಜೀವಿ ಧಾಮದ ಭಾಗ. ಅಲ್ಲಿ ಅನುಮತಿಯಿಲ್ಲದೆ ಚಕ್ರ ಇಳಿಸುವಂತಿಲ್ಲ, ಗಾಡಿ ಎಷ್ಟೇ ಎತ್ತರವಿರಲಿ.

ಈ ಸೀಮೆಯ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಲಾರಿಗಳ ಮೇಲೆ. ಅಶೋಕ್ ಲೇಲ್ಯಾಂಡ್ 1980ರಲ್ಲಿ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಬೆಂಗಳೂರು-ಕೃಷ್ಣಗಿರಿ ಹೆದ್ದಾರಿಯಲ್ಲಿ ಲಾರಿಗಳ ಸಾಲು ಹಗಲುರಾತ್ರಿ ಕಡಿಯುವುದಿಲ್ಲ. ಲಾರಿಯ ಕಮಾನು ಪಟ್ಟಿಯ ಲೆಕ್ಕವೇ ಬೇರೆ. ಒಂದರ ಮೇಲೊಂದು ಪೇರಿಸಿದ ಆ ಉಕ್ಕಿನ ಪಟ್ಟಿಗಳು ಭಾರ ಹೊರುವುದರ ಜೊತೆಗೆ ಆಕ್ಸಲ್ ಅತ್ತಿತ್ತ ಹೋಗದಂತೆಯೂ ಹಿಡಿದಿರುತ್ತವೆ. ಪಟ್ಟಿಯ ಕಟ್ಟಿಗೆ ತೂರಿಸಿದ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಕೂತಿರುತ್ತದೆ, ಯು-ಬೋಲ್ಟ್‌ಗಳು ಎರಡನ್ನೂ ಬಿಗಿದಿರುತ್ತವೆ. ಇನ್ನೊಂದು ಪಟ್ಟಿ ಸೇರಿಸಿ ಎತ್ತರಿಸಿದರೂ ಆಕ್ಸಲ್ ಪಕ್ಕಕ್ಕೆ ಸರಿಯದು. ಹಳೆಯ ಮಹೀಂದ್ರ ಜೀಪುಗಳದ್ದೂ 1985ರಲ್ಲಿ ಬಂದ ಮಾರುತಿ ಜಿಪ್ಸಿಯದ್ದೂ ಇದೇ ಏರ್ಪಾಡು. ಹಾಗಾಗಿ ಎತ್ತರಿಸಿದ ಜಿಪ್ಸಿಯ ಆಕ್ಸಲ್ ನಡುವಿನಲ್ಲಿಲ್ಲ ಎಂದಾದರೆ ಹೊಂದಿಸುವುದಕ್ಕೆ ಅಲ್ಲಿ ಏನೂ ಇಲ್ಲ, ಏನೋ ಮುರಿದಿದೆ ಎಂದೇ ತಿಳಿಯಬೇಕು: ಸೆಂಟರ್ ಬೋಲ್ಟ್ ತುಂಡಾಗಿರಬಹುದು, ಯು-ಬೋಲ್ಟ್ ಸಡಿಲಾಗಿರಬಹುದು, ಶ್ಯಾಕಲ್ ಬುಷ್ ಸವೆದಿರಬಹುದು. ಸೆಂಟರ್ ಬೋಲ್ಟ್ ತುಂಡಾದ ಗಾಡಿಯ ಹಿಂದಿನ ಆಕ್ಸಲ್ ಓರೆಯಾಗಿ ನಿಂತು, ಗಾಡಿ ರಸ್ತೆಯಲ್ಲಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಅದನ್ನು ಆ ದಿನವೇ ರಿಪೇರಿಗೆ ಬಿಡಬೇಕು.

ಸುರುಳಿ ಸ್ಪ್ರಿಂಗಿನ ಗಾಡಿಯಲ್ಲಿ ಕಥೆ ಬದಲಾಗುತ್ತದೆ. ಸುರುಳಿ ಭಾರವನ್ನಷ್ಟೇ ಹೊರುತ್ತದೆ, ಆಕ್ಸಲನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಹಿಂದೆ ಮುಂದೆ ಹೋಗದಂತೆ ತಡೆಯಲು ಉದ್ದುದ್ದ ತೋಳುಗಳಿರುತ್ತವೆ, ಪಕ್ಕಕ್ಕೆ ಹೋಗದಂತೆ ತಡೆಯಲು ಪ್ಯಾನ್‌ಹಾರ್ಡ್ ರಾಡ್ ಎಂಬ ಒಂದು ಅಡ್ಡ ಸರಳು. ಫ್ರಾನ್ಸಿನ ಪ್ಯಾನ್‌ಹಾರ್ಡ್ ಕಾರು ಕಂಪನಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಟ್ರ್ಯಾಕ್ ಬಾರ್, ಲ್ಯಾಟರಲ್ ರಾಡ್ ಎಂದರೂ ಇದೇ. ಸರಳಿನ ಒಂದು ತುದಿ ಚಾಸಿಯ ಒಂದು ಬದಿಗೆ, ಇನ್ನೊಂದು ತುದಿ ಆಕ್ಸಲ್‌ನ ಎದುರು ಬದಿಗೆ, ಎರಡೂ ಕಡೆ ರಬ್ಬರ್ ಬುಷ್. 2023ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್ ಇದೆ, ಎರಡಕ್ಕೂ ಇಂಥ ಒಂದೊಂದು ಸರಳಿದೆ. 2020ರ ಥಾರ್‌ನಲ್ಲಿ ಮುಂದಿನ ಚಕ್ರಗಳು ಒಂದಕ್ಕೊಂದು ಅಂಟದೆ ಬೇರೆ ಬೇರೆಯಾಗಿ ಆಡುವುದರಿಂದ ಮುಂದೆ ಈ ತಕರಾರೇ ಇಲ್ಲ. ಹಿಂದಿನ ಆಕ್ಸಲನ್ನು ಮಾತ್ರ ನೋಡಿಕೊಂಡರೆ ಸಾಕು.

ಸರಳಿನ ಉದ್ದ ಬದಲಾಗದು. ಚಾಸಿ ಮೇಲೇರಿದರೆ ಅದರ ಕಡೆಯ ತುದಿಯೂ ಮೇಲೇರಿ ಸರಳು ಇನ್ನಷ್ಟು ಓರೆಯಾಗುತ್ತದೆ. ಓರೆಯಾದಷ್ಟೂ ಅಡ್ಡಕ್ಕೆ ಅದು ಆವರಿಸುವ ಅಳತೆ ಕಡಿಮೆ. ಚಾಸಿಯ ತುದಿ ಪಕ್ಕಕ್ಕೆ ಅಲುಗದ್ದರಿಂದ ಆಕ್ಸಲ್ಲೇ ಆ ಬದಿಗೆ ಎಳೆದುಕೊಂಡು ಹೋಗಬೇಕಾಗುತ್ತದೆ. ಲೆಕ್ಕಕ್ಕೆ 800 ಮಿ.ಮೀ. ಉದ್ದದ ಸರಳು ಇಟ್ಟುಕೊಂಡರೆ, ಕಾರ್ಖಾನೆಯಿಂದ ಬಂದಾಗ ಅದರ ಒಂದು ತುದಿ ಇನ್ನೊಂದಕ್ಕಿಂತ 50 ಮಿ.ಮೀ. ಮೇಲಿದ್ದು, ಗಾಡಿಯನ್ನು 50 ಮಿ.ಮೀ. ಎತ್ತರಿಸಿದಾಗ ಆಕ್ಸಲ್ ಸುಮಾರು 5 ಮಿ.ಮೀ. ಸರಿಯುತ್ತದೆ. ಅದೇ ಗಾಡಿಯನ್ನು 100 ಮಿ.ಮೀ. ಎತ್ತರಿಸಿದರೆ ಸರಿಯುವುದು ಹತ್ತಲ್ಲ, ಹನ್ನೆರಡೂವರೆಗೂ ಮೇಲೆ. ಸರಳು ಮೊದಲು ಪೂರ್ತಿ ಮಟ್ಟವಾಗಿದ್ದರೆ 50 ಮಿ.ಮೀ. ಎತ್ತರಕ್ಕೆ ಎರಡು ಮಿಲಿಮೀಟರ್ ಕೂಡ ಸರಿಯದು. ಗಾಡಿ ರೂಪಿಸುವವರು ಸರಳನ್ನು ಆದಷ್ಟು ಮಟ್ಟವಾಗಿ ಇಡಲು ನೋಡುವುದು ಇದಕ್ಕೇ. ಎರಡಿಂಚಿನ ಲಿಫ್ಟ್ ಸಲೀಸಾಗಿ ಒಗ್ಗಿ ನಾಲ್ಕಿಂಚಿನದು ಪೀಡಿಸುವುದಕ್ಕೂ ಇದೇ ಕಾರಣ. ಸ್ಪ್ರಿಂಗ್ ಬಿಟ್ಟು ಚಾಸಿಗೂ ಬಾಡಿಗೂ ನಡುವೆ ಗುಟ್ಟೆ ಇಟ್ಟು ಬಾಡಿಯನ್ನಷ್ಟೇ ಎತ್ತಿದರೆ ಆಕ್ಸಲ್ ಇದ್ದಲ್ಲೇ ಇರುತ್ತದೆ.

ಹಲವು ಗಾಡಿಗಳಲ್ಲಿ ಮುಂದಿನ ಸರಳು ಚಾಸಿಯ ಒಂದು ಬದಿಗೆ, ಹಿಂದಿನದು ಮತ್ತೊಂದು ಬದಿಗೆ ಕೂತಿರುತ್ತದೆ. ಎತ್ತರಿಸಿದಾಗ ಮುಂದಿನ ಆಕ್ಸಲ್ ಬಲಕ್ಕೆ 6 ಮಿ.ಮೀ. ಹೋದರೆ ಹಿಂದಿನದು ಎಡಕ್ಕೆ 6 ಹೋಗುತ್ತದೆ. ಹಸಿ ಮಣ್ಣಿನಲ್ಲಿ ಓಡಿಸಿ ನೋಡಿದರೆ ಹಿಂದಿನ ಚಕ್ರದ ಜಾಡು ಮುಂದಿನದರಿಂದ 12 ಮಿ.ಮೀ. ಪಕ್ಕಕ್ಕೆ ಬಿದ್ದಿರುತ್ತದೆ. ಇದರಿಂದ ಟಯರು ಸವೆಯುತ್ತದೆ ಎಂದು ಹೆದರಿಸುವವರಿದ್ದಾರೆ. ಆಕ್ಸಲ್ ಓರೆಯಾಗದೆ ಬರೀ ಪಕ್ಕಕ್ಕೆ ಸರಿದಿದ್ದರೆ ಟಯರಿಗೆ ಅಂಥ ಹಾನಿಯಿಲ್ಲ. ಅಗಲದ ಟಯರು ಹಾಕಿದವರಿಗೆ ಒಂದು ಬದಿ ಉಜ್ಜುವುದು, ಎಡ ತಿರುವಿಗೂ ಬಲ ತಿರುವಿಗೂ ಗಾಡಿ ಬೇರೆ ಬೇರೆ ತೂಕದಂತೆ ಕಾಣುವುದು ನಿಜವಾದ ತೊಂದರೆಗಳು. ಐದಾರು ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ, ಏನೂ ಉಜ್ಜದಿದ್ದರೆ, ದುಡ್ಡು ಸುರಿಯಬೇಕಿಲ್ಲ.

ಅಳತೆಯಲ್ಲೇ ಹೆಚ್ಚಿನವರು ಎಡವುವುದು. ಗಾಡಿ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ತನ್ನ ತೂಕ ತನ್ನ ಚಕ್ರಗಳ ಮೇಲೇ ಬಿಟ್ಟುಕೊಂಡು ನಿಂತಿರಬೇಕು. ಜಾಕಿ ಕೊಟ್ಟು ಎತ್ತಿದರೆ ಆಕ್ಸಲ್ ಕೆಳಗೆ ಜೋತುಬಿದ್ದು ಸರಳಿನ ಓರೆ ಬದಲಾಗುತ್ತದೆ, ಆಮೇಲಿನ ಅಳತೆಯೆಲ್ಲ ಸುಳ್ಳು. ನಾಲ್ಕೂ ಟಯರಿಗೆ ಒಂದೇ ಗಾಳಿ, ನಾಲ್ಕೂ ರಿಮ್ ಒಂದೇ ಬಗೆಯವು. ವಿಂಚ್, ಮೇಲಿನ ಕ್ಯಾರಿಯರ್‌ನಂಥ ಭಾರ ಯಾವಾಗಲೂ ಹೊತ್ತಿರುವ ಗಾಡಿಯಾದರೆ ಅದೂ ಇರಲಿ. ನಾಲ್ಕೈದು ಮೀಟರ್ ಹಿಂದೆ ಮುಂದೆ ಉರುಳಿಸಿ, ಸ್ಟೀರಿಂಗ್ ನೇರವಿಟ್ಟು ನಿಲ್ಲಿಸಿದರೆ ಬುಷ್‌ಗಳ ಬಿಗಿತ ಸಡಿಲಗೊಳ್ಳುತ್ತದೆ. ಆಮೇಲೆ ಗಾರೆ ಕೆಲಸದವರ ತೂಗುಗುಂಡು ಸಾಕು. ಚಾಸಿಯ ಹೊರ ಅಂಚಿನಿಂದ ಗುಂಡು ಇಳಿಬಿಟ್ಟು, ಆ ದಾರದಿಂದ ರಿಮ್ಮಿನ ಒಳ ಅಂಚಿಗೆ ಎಷ್ಟು ದೂರ ಎಂದು ಎರಡೂ ಬದಿ ಒಂದೇ ಜಾಗದಲ್ಲಿ ಅಳೆಯುವುದು. ಮಡ್‌ಗಾರ್ಡಿನಿಂದ ಅಳೆದವರಿಗೆ ಮೋಸವಾಗುತ್ತದೆ, ಏಕೆಂದರೆ ಬಾಡಿಯೇ ಚಾಸಿಯ ಮೇಲೆ ನಾಲ್ಕೈದು ಮಿ.ಮೀ. ಆಚೀಚೆ ಕೂತಿರಬಹುದು.

ಬಲಗಡೆ 104, ಎಡಗಡೆ 92 ಬಂತೆನ್ನಿ. ವ್ಯತ್ಯಾಸ 12. ಆದರೆ ಆಕ್ಸಲ್ ಬಲಕ್ಕೆ ಸರಿದಿರುವುದು ಅದರ ಅರ್ಧ, 6 ಮಿ.ಮೀ. ಮಾತ್ರ, ಏಕೆಂದರೆ ಒಂದು ಕಡೆ ಕೂಡಿದಷ್ಟೇ ಇನ್ನೊಂದು ಕಡೆ ಕಳೆದಿರುತ್ತದೆ. ಹನ್ನೆರಡನ್ನೂ ಸರಿಪಡಿಸಲು ಹೋದವರ ಗಾಡಿ ಎಡಕ್ಕೆ 6 ಮಿ.ಮೀ. ಸರಿದು ನಿಲ್ಲುತ್ತದೆ.

ಸರಿಪಡಿಸಲು ಎರಡು ದಾರಿ. ಒಂದು, ಉದ್ದ ಹೆಚ್ಚು ಕಡಿಮೆ ಮಾಡಬಲ್ಲ ಪ್ಯಾನ್‌ಹಾರ್ಡ್ ರಾಡ್. ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಇರುವ ಬಗೆಯದಾದರೆ ಗಾಡಿಗೆ ಸೇರಿದ ಹಾಗೇ ಇರಲಿ, ಲಾಕ್ ನಟ್ ಸಡಿಲಿಸಿ ನಡುವಿನ ಕೊಳವೆ ತಿರುಗಿಸಿದರೆ ಆಕ್ಸಲ್ ಕಣ್ಣೆದುರೇ ಸರಿಯುತ್ತದೆ. ಎತ್ತರಿಸಿದಾಗ ಆಕ್ಸಲ್ ಚಾಸಿಯ ಬ್ರಾಕೆಟ್ ಕಡೆಗೆ ಹೋಗಿರುವುದರಿಂದ ಸರಳನ್ನು ಉದ್ದ ಮಾಡಬೇಕು, ಮೇಲಿನ ಗಾಡಿಯಲ್ಲಿ ಹೆಚ್ಚುಕಡಿಮೆ ಆ 6 ಮಿ.ಮೀ.ನಷ್ಟೇ. ಇನ್ನೊಂದು ದಾರಿ, ಆಕ್ಸಲ್ ಮೇಲಿನ ಬ್ರಾಕೆಟ್ಟನ್ನೇ ಎತ್ತರಿಸಿ ಸರಳನ್ನು ಮೊದಲಿನ ಮಟ್ಟಕ್ಕೆ ತರುವುದು. ಹಿಂದಿನ ಆಕ್ಸಲ್‌ಗೆ ಇದು ಹೆಚ್ಚು ಒಳ್ಳೆಯದು. ಸರಳಿನ ಓರೆಯೇ ಕಡಿಮೆಯಾಗುವುದರಿಂದ ಗುಂಡಿ ಹಾರಿದಾಗ ಹಿಂಭಾಗ ಪಕ್ಕಕ್ಕೆ ಕುಲುಕುವುದೂ ತಗ್ಗುತ್ತದೆ. ವೆಲ್ಡಿಂಗ್ ಮಾತ್ರ ಬಲ್ಲವರ ಕೈಯದಾಗಿರಬೇಕು. ಇಡೀ ಆಕ್ಸಲನ್ನು ಪಕ್ಕಕ್ಕೆ ಬಿಡದೆ ಹಿಡಿಯುವುದು ಆ ಒಂದು ಬ್ರಾಕೆಟ್.

ಮುಂದಿನ ಆಕ್ಸಲ್‌ಗೆ ಬ್ರಾಕೆಟ್ ಎತ್ತುವ ಕೆಲಸ ಕಣ್ಣುಮುಚ್ಚಿ ಮಾಡುವಂಥದಲ್ಲ. ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಪ್ಯಾನ್‌ಹಾರ್ಡ್ ರಾಡಿಗೆ ಸಮಾಂತರವಾಗಿ, ಸುಮಾರು ಅಷ್ಟೇ ಉದ್ದ ಇರುವಂತೆ ರೂಪಿಸಿರುತ್ತಾರೆ. ಎರಡೂ ಒಂದೇ ಕಂಸದಲ್ಲಿ ಆಡಿದರೆ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಅಲುಗದು. ಒಂದನ್ನಷ್ಟೇ ಎತ್ತಿದರೆ ಪ್ರತಿ ಗುಂಡಿಗೂ ಗಾಡಿ ತಾನೇ ತಿರುಗಲು ನೋಡುತ್ತದೆ. ಸರಳಿನ ಉದ್ದ ಹೆಚ್ಚಿಸಿದಾಗಲೂ ಡ್ರ್ಯಾಗ್ ಲಿಂಕನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ಚಕ್ರ ವಾರೆಯಾಗಿ ನಿಲ್ಲುತ್ತದೆ.

ಆಕ್ಸಲ್ ಹಿಂದೆ ಮುಂದೆಯೂ ಜರುಗುತ್ತದೆ. ಮುಂದಿನದನ್ನು ಹಿಡಿದ ತೋಳುಗಳು ಅದರ ಹಿಂದೆ ಚಾಸಿಗೆ ಸೇರಿರುವ ಗಾಡಿಯಲ್ಲಿ, ಎತ್ತರಿಸಿದಾಗ ಆಕ್ಸಲ್ ಕೆಳಕ್ಕೆ ತೂಗಿ ತುಸು ಹಿಂದಕ್ಕೆ ಬರುತ್ತದೆ. ಹಿಂದಿನದು ಅದೇ ಲೆಕ್ಕದಲ್ಲಿ ತುಸು ಮುಂದಕ್ಕೆ. ಈ ಜರುಗಾಟಕ್ಕಿಂತ ಮುಂದಿನ ಆಕ್ಸಲ್ ತೋಳಿನೊಂದಿಗೆ ತಿರುಚಿಕೊಳ್ಳುವುದೇ ದೊಡ್ಡ ವಿಷಯ. 800 ಮಿ.ಮೀ. ತೋಳಿಗೆ 50 ಮಿ.ಮೀ. ಲಿಫ್ಟ್ ಕೊಟ್ಟರೆ ಮೂರೂವರೆ ಡಿಗ್ರಿಯಷ್ಟು ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೋಗುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಕುಗ್ಗುತ್ತದೆ. ಅದಕ್ಕೆ ಕ್ಯಾಸ್ಟರ್ ಬುಷ್ ಅಥವಾ ಬೇರೆ ತೋಳು ಬೇಕು, ಪ್ಯಾನ್‌ಹಾರ್ಡ್ ರಾಡಿನಿಂದ ಆಗದು. ಎರಡೂ ಬದಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಟೇಪು ಹಿಡಿದು ನೋಡಿ, ಅಳತೆ ಒಂದೇ ಬಂದರೆ ಆಕ್ಸಲ್‌ಗಳು ಓರೆಯಾಗಿಲ್ಲ ಎಂದು ತಿಳಿಯಬಹುದು. ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲಿನ ಮಾತು. ಮೊದಲೇ ಮಾಡಿಸಿದ ಅಲೈನ್‌ಮೆಂಟ್ ವ್ಯರ್ಥ.

ಪಕ್ಕಕ್ಕೆ ಸರಿಯುವ ತೊಂದರೆಯೇ ಇಲ್ಲದ ಏರ್ಪಾಡೂ ಉಂಟು. ಜೇಮ್ಸ್ ವಾಟ್ 1784ರಲ್ಲಿ ಉಗಿಯಂತ್ರಕ್ಕಾಗಿ ಪೇಟೆಂಟ್ ಪಡೆದ ಕೊಂಡಿಜೋಡಣೆಯಲ್ಲಿ ಎರಡು ಸರಳುಗಳು ನಡುವಿನ ಒಂದು ತುಂಡಿಗೆ ಎದುರುಬದುರು ಸೇರಿ, ಒಂದರ ಕಂಸ ಇನ್ನೊಂದರ ಕಂಸವನ್ನು ಹೊಡೆದುಹಾಕುತ್ತದೆ. ನಡು ತುಂಡು ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಕೆಳಗೆ ಆಡುತ್ತದೆ. ಸ್ಕಾರ್ಪಿಯೊ-ಎನ್ ಮತ್ತು 2024ರ ಥಾರ್ ರಾಕ್ಸ್‌ನ ಹಿಂದಿನ ಆಕ್ಸಲ್‌ಗೆ ಈ ಜೋಡಣೆಯಿದೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ. ರಾಜ್ಯದ ಗಡಿಯ ಜೂಜುವಾಡಿ ದಾಟಿ ಕರ್ನಾಟಕದ ಅತ್ತಿಬೆಲೆಗೆ ಹೋದರೂ ಕಾಯ್ದೆ ಇದೇ.

ಕೊನೆಯ ಕೆಲಸ ಬೋಲ್ಟುಗಳದ್ದು. ಬುಷ್ ಇರುವ ಬೋಲ್ಟನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಜಾಕಿಯ ಮೇಲೆ ಬಿಗಿದರೆ ರಬ್ಬರು ತಿರುಚಿದ ಸ್ಥಿತಿಯಲ್ಲೇ ಕಚ್ಚಿಕೊಂಡು ಬೇಗ ಹರಿಯುತ್ತದೆ. ಬಿಗಿದ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಕಲ್ಲುದಾರಿಯಲ್ಲಿ ಓಡಾಡಿ ಬಂದ ಮೇಲೆ ನಟ್ಟು ಸಡಿಲಾಗಿದೆಯೇ ಎಂದು ಪಾನಾ ಹಿಡಿಯದೆ ಬಗ್ಗಿ ನೋಡಿಯೇ ಹೇಳಬಹುದು.