ಎಲ್ಲಾ ಹೊಸದು ಹಾಕಿದರೂ ಓಡದ ರೇಸ್ ಕಾರು

ಹಪ್ಪಳ ಸಂಡಿಗೆ ಬಗ್ಗೆ ಬರೆಯಬೇಕಾದವಳು ರೇಸ್ ಕಾರಿನ ವಿಷಯ ಎತ್ತಿಕೊಂಡು ಕೂತಿದ್ದಾಳಲ್ಲ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ನಾಳೆ ಮಕ್ಕಳ ಸ್ಕೂಲಿನ ಹೊತ್ತಿಗೆ ಸರಿಯಾಗಿ ನಿಮ್ಮ ಮನೆಯ ಸ್ಕೂಟರ್ ಕೈಕೊಟ್ಟು, ಯಾರೋ ಬಂದು "ಬ್ಯಾಟರಿ ಹೋಗಿದೆ ಅಮ್ಮ, ಹೊಸದೇ ಹಾಕಬೇಕು" ಎಂದಾಗ ಈ ಕಥೆ ನಿಮಗೆ ನೆನಪಾದೀತು.

ನಮ್ಮೂರು ತಿಪಟೂರು. ನಮ್ಮವರದು ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ. ತೆಂಗಿನಕಾಯಿ ಲಾರಿಗಳ ಡೈನಮೋ, ಸೆಲ್ಫು ಬಿಚ್ಚಿ ಬಿಚ್ಚಿ ಅವರ ಕೈ ಕಪ್ಪಾಗಿ ಹೋಗಿದೆ. ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ರೇಸಿನ ಹುಚ್ಚು. ಅದೂ ಡ್ರ್ಯಾಗ್ ರೇಸ್. ಅಂದರೆ ತಿರುವೇ ಇಲ್ಲದ ನೇರ ದಾರಿಯಲ್ಲಿ ಇಬ್ಬರು ಒಟ್ಟಿಗೆ ಹೊರಟು, ಸುಮಾರು 400 ಮೀಟರ್ ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಪಂದ್ಯ. ಹದಿನೈದು ಸೆಕೆಂಡೂ ಹಿಡಿಯದ ಈ ಆಟಕ್ಕೆ ಅವನು ಹಾಕಿದ ದುಡ್ಡಿನಲ್ಲಿ ಒಂದು ಸೈಟಿಗೆ ಮುಂಗಡ ಕೊಡಬಹುದಿತ್ತು.

ಹೋದ ವರ್ಷ ದಸರಾ ಕಳೆದ ಮೇಲೆ ಒಂದು ದಿನ ಆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ನಮ್ಮ ಅಂಗಳಕ್ಕೇ ತಂದ. ಜೊತೆಯಲ್ಲಿ ಅವನ ಹೆಂಡತಿಯೂ ಬಂದಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ನಾನು ಕೇಳಲಿಲ್ಲ. ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಾ ಅವಳೇ ಹೇಳಿದಳು: "ಎರಡು ಬಳೆ ಬ್ಯಾಂಕಿನಲ್ಲಿ ಇಟ್ಟಾಯ್ತು ಅಕ್ಕ. ಈ ಸಲ ಇವರು ಇನ್ನೊಂದು ಸಾಮಾನು ಕೊಂಡರೆ ನಾನು ನಮ್ಮಮ್ಮನ ಮನೆಗೆ ಹೊರಟುಹೋಗ್ತೀನಿ." ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಅದಕ್ಕೇ ನನಗೆ ಹೆದರಿಕೆಯಾಯಿತು.

ಕಾರಿನ ಕಾಯಿಲೆ ಏನು ಗೊತ್ತೆ? ಸುಮ್ಮನೆ ನಿಂತಾಗ ಇಂಜಿನ್ ಚೆನ್ನಾಗಿ ಗುರುಗುಟ್ಟುತ್ತದೆ. ನಿಧಾನವಾಗಿ ಓಡಿಸಿದರೆ ತಕರಾರಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಮಿಸ್ಸಿಂಗ್ ಹೊಡೆಯುತ್ತದೆ, ಹಿಂದಿನಿಂದ ಢಮ್ ಢಮ್ ಎಂದು ಪಟಾಕಿ ಹೊಡೆದ ಹಾಗೆ ಸದ್ದು. ಮೂರು ವಾರದಲ್ಲಿ ಅವನು ಬ್ಯಾಟರಿ ಬದಲಾಯಿಸಿದ್ದ, ಆಲ್ಟರ್ನೇಟರ್ ಬದಲಾಯಿಸಿದ್ದ, ನಾಲ್ಕೂ ಕಾಯಿಲ್ ಬದಲಾಯಿಸಿದ್ದ, ಪ್ಲಗ್ಗುಗಳನ್ನಂತೂ ಎರಡು ಸಲ. ಪೆಟ್ರೋಲ್ ಸಾಲದಿದ್ದರೂ ಹೀಗೇ ಆಗುತ್ತದಂತೆ, ಅದನ್ನೂ ಬೆಂಗಳೂರಿನ ಕಂಪ್ಯೂಟರ್ ಹುಡುಗರು ನೋಡಿ ಸರಿಯಿದೆ ಎಂದಿದ್ದರು. ಪಂದ್ಯಕ್ಕೆ ಉಳಿದಿದ್ದು ಹನ್ನೆರಡು ದಿನ.

ಈ ಕಾರಿಗೆ ಟರ್ಬೊ ಇದೆ. ಅದನ್ನು ನಮ್ಮ ಅಡಿಗೆಮನೆಯ ಮಾತಿನಲ್ಲೇ ಹೇಳಿಬಿಡುತ್ತೇನೆ. ಇಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರಕ್ಕೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿನೊಳಕ್ಕೆ ತುರುಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಬಲ. ನಮ್ಮ ಕುಕ್ಕರ್ ಸೀಟಿ ಹಾಕುವಾಗ ಹೊರಗಿನದಕ್ಕಿಂತ ಒಳಗೆ ಹೆಚ್ಚಿಗೆ ಇರುವ ಒತ್ತಡ ಸುಮಾರು 1 ಬಾರ್. ತಮ್ಮ ತನ್ನ ಕಾರಿಗೆ ಮೊದಲು 0.7 ಬಾರ್ ಕೊಡುತ್ತಿದ್ದವನು ಈಗ 1.5ಕ್ಕೆ ಏರಿಸಿದ್ದ. ಅಲ್ಲಿಗೆ ಸುಮಾರು 400 ಅಶ್ವಶಕ್ತಿ. ನಮ್ಮ ನಿಮ್ಮ ಮನೆಯ ಸಣ್ಣ ಕಾರಿನದು 80ರ ಆಸುಪಾಸು.

ಕಾರ್ ರೇಸಿನಲ್ಲೇ ದೊಡ್ಡದು ಎನ್ನುವ ಫಾರ್ಮುಲಾ ಒನ್‌ಗೆ ಇಂಥ ಟರ್ಬೊ ಕಾರನ್ನು ಮೊದಲು ತಂದವರು ಫ್ರಾನ್ಸಿನ ರೆನೋ ಕಂಪನಿಯವರು, 1977ರಲ್ಲಿ. ಹಳದಿ ಬಣ್ಣದ ಆ ಕಾರು ಹೊಗೆಯುಗುಳಿ ನಿಲ್ಲುತ್ತಿದ್ದುದನ್ನು ನೋಡಿ ಜನ ಅದಕ್ಕೆ 'ಹಳದಿ ಟೀ ಪಾಟ್' ಎಂದು ಹೆಸರಿಟ್ಟರು. ಎರಡು ವರ್ಷ ನಗಿಸಿಕೊಂಡು 1979ರಲ್ಲಿ ಅದೇ ಕಂಪನಿ ತನ್ನ ದೇಶದ ಪಂದ್ಯವನ್ನೇ ಗೆದ್ದಿತು.

ಅಷ್ಟು ಒತ್ತಿ ತುಂಬಿದ ಗಾಳಿಯೊಳಗೆ ಕಿಡಿ ಹಾರುವುದು ಸುಲಭವಲ್ಲ. ಒಲೆಯ ಲೈಟರ್ ಒತ್ತಿದಾಗ ಚಟ್ ಎಂದು ಹಾರುತ್ತದಲ್ಲ, ಪ್ಲಗ್ಗಿನ ತುದಿಯಲ್ಲೂ ಅಂಥದೇ ಕಿಡಿ ಬೇಕು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಎಂಬುದು ಇಪ್ಪತ್ತು ಮೂವತ್ತು ಸಾವಿರ ವೋಲ್ಟಿಗೆ ಏರಿಸಿ ಕೊಡುತ್ತದೆ. ಇಂಜಿನ್ ನಿಮಿಷಕ್ಕೆ 7000 ಸುತ್ತು ಸುತ್ತುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 58 ಸಲ ಕಿಡಿ ಹಾರಿಸಬೇಕು. ಕಾಯಿಲ್ಲಿಗೆ ಬರುವ ಕರೆಂಟೇ ಸೊರಗಿದ್ದರೆ ಕಿಡಿಯೂ ಸೊರಗುತ್ತದೆ. ಸುಮ್ಮನೆ ನಿಂತಾಗ ಸಾಕಾಗುವ ಕಿಡಿ ಒತ್ತಡ ಏರಿದಾಗ ಆರಿಹೋಗುತ್ತದೆ. ಆಗ ಸುಡದೆ ಉಳಿದ ಪೆಟ್ರೋಲು ಹಿಂದಿನ ಕೊಳವೆಯಲ್ಲಿ ಸಿಡಿಯುತ್ತದೆ. ಆ ಪಟಾಕಿ ಸದ್ದು ಇದೇ.

ನಮ್ಮವರು ಕಾಫಿ ಕುಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ ಎತ್ತಿದರೆ ಒಳಗೆಲ್ಲಾ ಮದುಮಗಳ ಹಾಗೆ ಹೊಳೆಯುವ ಕೆಂಪು ಬಣ್ಣ. "ಇದು ಯಾವಾಗ ಬಳಿಸಿದ್ದು?" ಎಂದರು. "ಟರ್ಬೊ ಏರಿಸಿದಾಗಲೇ ಭಾವ, ಚೆನ್ನಾಗಿ ಕಾಣ್ಲಿ ಅಂತ." ನಮ್ಮವರು ಏನೂ ಹೇಳದೆ ಅಂಗಡಿಯಿಂದ ಹಳೆಯ ಮೀಟರ್ ತಂದರು. ಆಮೇಲೆ ನನ್ನನ್ನು ಕರೆದರು. ಒಬ್ಬರು ಸೆಲ್ಫ್ ಹೊಡೆಯಬೇಕು, ಒಬ್ಬರು ವೈರು ಹಿಡಿಯಬೇಕು, ಒಬ್ಬರು ಅಂಕಿ ಓದಬೇಕು. ತಮ್ಮನಿಗೆ ಓದಲು ಕೊಟ್ಟರೆ ತನಗೆ ಬೇಕಾದ ಅಂಕಿಯನ್ನೇ ಓದುತ್ತಾನಂತೆ!

ಭಾರ ಹಂಚಿಕೆಯಾಗಲಿ ಎಂದು ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದರು. ಆದ್ದರಿಂದ ಮೀಟರಿಗೆ ಉದ್ದದ ವೈರು ಜೋಡಿಸಬೇಕಾಯಿತು. ಕಪ್ಪು ತುದಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತುದಿ ಇಂಜಿನ್ನಿನ ಬರಿಯ ಲೋಹಕ್ಕೆ. ಇಂಜಿನ್ ಹತ್ತಿಕೊಳ್ಳದ ಹಾಗೆ ಕಾಯಿಲ್ ಮತ್ತು ಪೆಟ್ರೋಲಿನ ವೈರು ಬಿಚ್ಚಿ ಸೆಲ್ಫ್ ಹೊಡೆಸಿದರು. ಅರ್ಥಿಂಗ್ ಸರಿಯಿದ್ದರೆ ಅಂಕಿ 0.2, ಹೆಚ್ಚೆಂದರೆ 0.3 ತೋರಿಸಬೇಕು. ನಾನು ಓದಿದ್ದು 1.6.

"ಸರಿಯಾಗಿ ಓದೇ" ಎಂದರು. ಮತ್ತೆ ಓದಿದೆ. 1.6 ವೋಲ್ಟೇ.

ಎಲ್ಲಾ ವೈರು ಜೋಡಿಸಿ ಇಂಜಿನ್ ಹತ್ತಿಸಿ, ಫ್ಯಾನು, ಎರಡೂ ಪೆಟ್ರೋಲ್ ಪಂಪು ಹಾಕಿ ನೋಡಿದೆವು. ಆಲ್ಟರ್ನೇಟರಿನ ಮೈಮೇಲೆ 14.2 ವೋಲ್ಟು, ಡಿಕ್ಕಿಯ ಬ್ಯಾಟರಿಯಲ್ಲಿ 13.2, ಕಾಯಿಲ್ ಹತ್ತಿರ 12.8. ಸಂಬಳ ಪೂರ್ತಿ ಬರುತ್ತಿದೆ, ದಾರಿಯಲ್ಲಿ ಸೋರುತ್ತಿದೆ ಎನ್ನುವ ಲೆಕ್ಕ! ಆಲ್ಟರ್ನೇಟರ್ ಬದಲಾಯಿಸಿದವರು ಅದನ್ನು ಬ್ಯಾಟರಿಯಲ್ಲಿ ಅಳೆದು ನೋಡಿದ್ದರೇ ಹೊರತು ಆಲ್ಟರ್ನೇಟರಿನಲ್ಲೇ ಅಳೆದಿರಲಿಲ್ಲ.

ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ನಮ್ಮವರು ಬಿಚ್ಚಿದರು. ಆ ಕೆಂಪು ಬಣ್ಣದ ಮೇಲೇ ಬಿಗಿದಿದ್ದರು. ಬಣ್ಣ ಕರೆಂಟನ್ನು ಬಿಡುವುದಿಲ್ಲ. ಬೋಲ್ಟಿನ ಮರೆ ಕಚ್ಚಿಕೊಂಡಷ್ಟು ಜಾಗದಲ್ಲಿ ಮಾತ್ರ ಹರಿಯುತ್ತಿತ್ತು. ಕಾಯಿಲ್ಲುಗಳ ಅರ್ಥನ್ನೂ ಬಾಡಿಗೇ ಕೊಟ್ಟಿದ್ದರಿಂದ ಏಟು ನೇರವಾಗಿ ಅವಕ್ಕೆ ಬಿದ್ದಿತ್ತು. ಎಮರಿ ಪೇಪರಿನಲ್ಲಿ ಒಂದು ರೂಪಾಯಿ ಅಗಲ ಬಣ್ಣ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ಬಿಗಿ ಮಾಡಿ, ತುಕ್ಕು ಹಿಡಿಯದಿರಲೆಂದು ಮೇಲೆ ಗ್ರೀಸ್ ಹಚ್ಚಿದರು. ಮತ್ತೆ ಸೆಲ್ಫು. ನಾನು ಓದಿದೆ: 0.15.

ತಮ್ಮ ಕುಣಿಯುವುದರಲ್ಲಿದ್ದ. "ತಡಿಯಪ್ಪ, ಪ್ಲಗ್ ನೋಡೋಣ" ಎಂದರು ನಮ್ಮವರು. ಅಲ್ಲಿತ್ತು ಎರಡನೆಯ ಕಳ್ಳ. ಪ್ಲಗ್ಗಿನ ತುದಿಯ ಸಂದು 0.9 ಮಿಲಿಮೀಟರ್ ಇತ್ತು. ಸಾಧಾರಣ ಕಾರಿಗೆ ಸರಿ. ಇಷ್ಟು ಒತ್ತಡಕ್ಕೆ 0.6 ಇಲ್ಲವೇ ಇನ್ನೂ ಕಡಿಮೆ ಇರಬೇಕು. ಹಳ್ಳ ಕಿರಿದಾದಷ್ಟೂ ದಾಟುವುದು ಸುಲಭ ತಾನೇ? ಪೆಟ್ಟಿಗೆಯಿಂದ ತೆಗೆದ ಹೊಸ ಪ್ಲಗ್ಗನ್ನು ಸಂದು ಅಳೆಯದೆ ಎರಡು ಸಲವೂ ಹಾಗೆಯೇ ಹಾಕಿದ್ದರು. ಈ ಎರಡು ಸಣ್ಣ ತಪ್ಪುಗಳಲ್ಲಿ ಒಂದೇ ಇದ್ದಿದ್ದರೆ ಕಾರು ಹೇಗೋ ಓಡಿಬಿಡುತ್ತಿತ್ತೋ ಏನೋ.

ಆದರೆ ತಮ್ಮನನ್ನೊಬ್ಬನನ್ನೇ ಬೈಯುವ ಹಾಗಿಲ್ಲ. 2019ರ ಮಾರ್ಚ್ 31ರಂದು ಬಹರೇನಿನ ಫಾರ್ಮುಲಾ ಒನ್ ಪಂದ್ಯವನ್ನು ನಮ್ಮ ಮಗನ ಜೊತೆ ಟಿ.ವಿ.ಯಲ್ಲಿ ನೋಡಿದ್ದೆ. ಫೆರಾರಿಯ 21 ವರ್ಷದ ಹುಡುಗ ಶಾರ್ಲ್ ಲೆಕ್ಲೇರ್ ಎಲ್ಲರಿಗಿಂತ ಮುಂದಿದ್ದ. ಇನ್ನು ಹತ್ತು ಹನ್ನೊಂದು ಸುತ್ತು ಉಳಿದಿದೆ ಎನ್ನುವಾಗ ಆರು ಸಿಲಿಂಡರಿನಲ್ಲಿ ಒಂದು ನಿಂತುಹೋಯಿತು. ಗೆಲ್ಲಬೇಕಾದವನು ಮೂರನೆಯವನಾದ. ಆಮೇಲೆ ಪರೀಕ್ಷಿಸಿ ಕಂಪನಿಯವರೇ ಹೇಳಿದರು: ಪೆಟ್ರೋಲ್ ಚಿಮ್ಮಿಸುವುದನ್ನು ನಿಯಂತ್ರಿಸುವ ಪೆಟ್ಟಿಗೆಯಲ್ಲಿ ಶಾರ್ಟ್ ಸರ್ಕ್ಯೂಟ್. ಅಂಥವರಿಗೇ ಹೀಗಾದರೆ ನಮ್ಮ ತಮ್ಮನದೇನು?

ನಿಮ್ಮ ಮನೆಯ ಸ್ಕೂಟರಿಗೂ ಕಾರಿಗೂ ಇದೇ ಕ್ರಮ. ಬ್ಯಾಟರಿ ಬದಲಾಯಿಸಿ ಎಂದರೆ ಮೊದಲು ಅಳೆದು ತೋರಿಸಲು ಹೇಳಿ. ರಾತ್ರಿಯೆಲ್ಲಾ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಹತ್ತಿರ ಇರಬೇಕು, ಇಂಜಿನ್ ಓಡುವಾಗ 14ರ ಆಸುಪಾಸು. ಬ್ಯಾಟರಿಯ ಕಂಬಗಳ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಮೈನಸ್ಸನ್ನು ಮೊದಲು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡ ಹಾಕಿ ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿ. ನೀರು ಒಳಗೆ ಇಳಿಯಬಾರದು, ಆ ಪುಡಿ ಕಣ್ಣಿಗೂ ಸೀರೆಗೂ ತಾಗಬಾರದು. ಎಷ್ಟೋ ಸಲ ಅಷ್ಟಕ್ಕೇ ಗಾಡಿ ಹತ್ತಿಕೊಳ್ಳುತ್ತದೆ. ಆದರೆ ಇಂಜಿನ್ ಓಡುವಾಗ ಕಾಯಿಲ್, ಪ್ಲಗ್ ವೈರು ಮಾತ್ರ ಮುಟ್ಟಲೇಬೇಡಿ. ಕಿಡಿ ನೋಡುತ್ತೇನೆಂದು ಪ್ಲಗ್ ಕೈಯಲ್ಲಿ ಹಿಡಿಯುವ ಗಂಡಸರನ್ನೂ ಬಿಡಬೇಡಿ.

ಕಾರನ್ನು ನಮ್ಮೂರ ರಸ್ತೆಯಲ್ಲಿ ಜೋರಾಗಿ ಓಡಿಸಿ ನೋಡುತ್ತೇನೆ ಎಂದ ತಮ್ಮನಿಗೆ ನಮ್ಮವರು ಬೀಗದ ಕೈ ಕೊಡಲಿಲ್ಲ. ಮೂರು ದಿನದ ಮೇಲೆ ಬೆಂಗಳೂರಿನಿಂದ ಫೋನು ಬಂತು. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುವ ಯಂತ್ರವಿದೆಯಂತೆ, ಅದರ ಮೇಲೆ 1.5 ಬಾರಿನಲ್ಲಿ ಪೂರ್ತಿ ಓಡಿಸಿದರೂ ಒಂದು ಸಲವೂ ಮಿಸ್ ಆಗಲಿಲ್ಲವಂತೆ. ಪಂದ್ಯದಲ್ಲಿ ನಾಲ್ಕನೆಯವನಾದ. ಬಹುಮಾನ ಮೂವರಿಗೆ ಮಾತ್ರ.

ಅವನ ಹೆಂಡತಿ ಬೇರೆಯಾಗಿ ಫೋನ್ ಮಾಡಿದಳು. ಮೂರು ವಾರದಲ್ಲಿ ಬಿಚ್ಚಿ ಮೂಲೆಗೆ ಹಾಕಿದ್ದ ಹಳೆಯ ಬ್ಯಾಟರಿ, ಆಲ್ಟರ್ನೇಟರ್, ನಾಲ್ಕು ಕಾಯಿಲ್ ಎಲ್ಲಾ ಸರಿಯಾಗೇ ಇವೆಯಂತೆ. ಅವನ್ನು ಮಾರಿ ಒಂದು ಬಳೆ ಬಿಡಿಸಿಕೊಂಡಿದ್ದಾಳೆ. ಇನ್ನೊಂದಕ್ಕೆ, ಬಾನೆಟ್ ಒಳಗೆ ಬಣ್ಣ ಬಳಿಸಿದ ಬಿಲ್ಲು ಎಷ್ಟಾಗಿತ್ತು ಎಂದು ಗಂಡನನ್ನು ದಿನಾ ಕೇಳುತ್ತಿದ್ದಾಳೆ.