ಹ್ಯಾಮ್ ರೇಡಿಯೋದಲ್ಲಿ ಕಿರಿಕ್ ಮಾಡುವವರಿಗೆ ಮೌನವೇ ಮದ್ದು

ಹ್ಯಾಮ್ ರೇಡಿಯೋದಲ್ಲಿ ನಾಲ್ಕು ಜನ ಮಾತಾಡುತ್ತಿರುವಾಗ ಮಧ್ಯೆ ಯಾರೋ ಹಾಡು ಹಾಕ್ತಾರೆ, ಶಿಳ್ಳೆ ಹೊಡೀತಾರೆ, ಇಲ್ಲಾ ಸುಮ್ಮನೆ ಬಟನ್ ಒತ್ತಿ ಹಿಡೀತಾರೆ. ತಮ್ಮ ಕಾಲ್‌ಸೈನ್ ಮಾತ್ರ ಹೇಳುವುದಿಲ್ಲ. ಹವ್ಯಾಸಿ ರೇಡಿಯೋದವರಿಗೆ ಇದು ಹಳೆಯ ತಲೆನೋವು.

ಒಂದು ಫ್ರೀಕ್ವೆನ್ಸಿಯಲ್ಲಿ ಒಂದು ಹೊತ್ತಿಗೆ ಒಬ್ಬರ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಬೆಟ್ಟದ ಮೇಲಿನ ರಿಪೀಟರನ್ನು ಒಬ್ಬ ಹಿಡಿದು ಕೂತರೆ, ಅದನ್ನು ನಂಬಿದ ಎಲ್ಲರ ಬಾಯಿ ಕಟ್ಟಿದ ಹಾಗೆ. 2004ರ ಡಿಸೆಂಬರ್ ಸುನಾಮಿ ವೇಳೆ ಅಂಡಮಾನ್‌ನಲ್ಲಿ ಫೋನ್ ಸಂಪರ್ಕ ಕಡಿದುಹೋದಾಗ, ಪೋರ್ಟ್‌ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ರೇಡಿಯೋ ಮೂಲಕವೇ ಸುದ್ದಿ ಮುಟ್ಟಿಸಿತ್ತು. ಅಂಥ ಹೊತ್ತಲ್ಲಿ ಅಡ್ಡ ಬಂದರೆ ಜೀವಕ್ಕೇ ಕುತ್ತು.

ಹಾಗಾದರೆ ಏನು ಮಾಡಬೇಕು?

ಮೊದಲೇ ದೂರಬೇಡಿ: ಕಾರಿನ ಸೀಟಿನ ಸಂದಿಯಲ್ಲಿ ಮೈಕ್ ಸಿಕ್ಕಿಕೊಂಡು ಬಟನ್ ಒತ್ತಿಹೋಗುವುದೂ ಉಂಟು. ಹೊಸಬರು ಗೊತ್ತಿಲ್ಲದೆ ತಪ್ಪು ಮಾಡಿದ್ದರೆ, ಆಮೇಲೆ ಫೋನ್ ಮಾಡಿ ಸಮಾಧಾನದಿಂದ ಹೇಳಿದರೆ ಸಾಕು.

ಉತ್ತರ ಕೊಡಬೇಡಿ: ಬೇಕಂತಲೇ ಕಾಡುವವನಿಗೆ ಬೇಕಾಗಿರುವುದು ನಿಮ್ಮ ಸಿಟ್ಟು. ಬೈದರೆ ಅವನು ಗೆದ್ದ. ಅವನ ಸುದ್ದಿಯನ್ನೇ ಎತ್ತದೆ ಮಾತು ಮುಂದುವರಿಸಿ, ಆಗದಿದ್ದರೆ ರೇಡಿಯೋ ಆಫ್ ಮಾಡಿ. ಕೇಳುವವರೇ ಇಲ್ಲ ಅಂದಮೇಲೆ ಹೆಚ್ಚಿನವರಿಗೆ ಬೇಜಾರು ಬಂದುಬಿಡುತ್ತದೆ.

ಬರೆದಿಡಿ: ದಿನಾಂಕ, ಸಮಯ, ಫ್ರೀಕ್ವೆನ್ಸಿ ಗುರುತು ಹಾಕಿ, ದನಿ ರೆಕಾರ್ಡ್ ಮಾಡಿಕೊಳ್ಳಿ.

ದಿಕ್ಕು ಹುಡುಕಿ: ರಿಪೀಟರ್‌ನಿಂದ ಹೊರಬರುವ ದನಿ ಬೆಟ್ಟದ ಕಡೆಯೇ ತೋರಿಸುತ್ತದೆ. ಅದಕ್ಕೇ ರಿಪೀಟರ್‌ನ ಇನ್‌ಪುಟ್ ಫ್ರೀಕ್ವೆನ್ಸಿಯಲ್ಲಿ ಕೇಳಬೇಕು. ಯಾಗಿ ಆಂಟೆನಾ ತಿರುಗಿಸುತ್ತಾ ಎರಡು ಮೂರು ಕಡೆಯಿಂದ ಸಿಗ್ನಲ್ ಜೋರಾಗಿ ಬರುವ ದಿಕ್ಕು ನೋಡಿ ಮ್ಯಾಪ್‌ನಲ್ಲಿ ಗೆರೆ ಎಳೆದರೆ, ಗೆರೆಗಳು ಕೂಡುವ ಜಾಗದ ಆಸುಪಾಸಿನಲ್ಲೇ ಅವನಿರುತ್ತಾನೆ. 'ಫಾಕ್ಸ್ ಹಂಟಿಂಗ್' ಆಟದಲ್ಲಿ ಹ್ಯಾಮ್‌ಗಳು ಕಲಿಯುವುದೂ ಇದನ್ನೇ.

ಮನೆ ಬಾಗಿಲಿಗೆ ಹೋಗಬೇಡಿ: ಜಾಗ ಗೊತ್ತಾದರೂ ಜಗಳಕ್ಕೆ ಇಳಿಯುವುದು ಬೇಡ. ನಮ್ಮ ದೇಶದಲ್ಲಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರಷ್ಟೇ ಹ್ಯಾಮ್ ರೇಡಿಯೋದಲ್ಲಿ ಮಾತಾಡಬಹುದು, ಕಾಲ್‌ಸೈನ್ ಹೇಳಲೇಬೇಕು, ಹಾಡು ಹಾಕುವಂತಿಲ್ಲ. ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ತರಂಗಗಳ ಮೇಲೆ ಕಣ್ಣಿಡುವುದು ಅದೇ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆ. ಕ್ಲಬ್ ಮೂಲಕ ದಾಖಲೆ ಸಮೇತ ಅಲ್ಲಿಗೆ ದೂರು ಕೊಡಿ. ಕ್ರಮ ಕೈಗೊಳ್ಳುವ ಅಧಿಕಾರ ಇರುವುದು ಇಲಾಖೆಗೆ ಮಾತ್ರ.